ಅಪ್‌ಡೇಟ್: ಎಡಗೈ ಹಿಡಿಕೆಯ ಬೇಟ್‌ಕಾಸ್ಟಿಂಗ್ ರೀಲನ್ನೇ ಆರಿಸಿಕೊಂಡೆ

ಬಲಗೈ ಬಳಸುವ ನನಗೆ ಬೇಟ್‌ಕಾಸ್ಟಿಂಗ್ ರೀಲಿನ (ಗಾಳದ ಕೋಲಿನ ಮೇಲೆ ಕೂರುವ, ದಾರ ಸುತ್ತುವ ಸಾಧನ) ಹಿಡಿಕೆ ಯಾವ ಬದಿಗಿರಬೇಕೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಎಡಬದಿಯದನ್ನೇ ಕೊಂಡೆ, ತುಂಬಾ ಖುಷಿಯಾಗಿದ್ದೇನೆ.

ನಾನು ಹೆಚ್ಚಾಗಿ ಹಿಡಿಯುವುದು ಕೆರೆಯ ಕೊರವ ಮೀನು. ಜೊಂಡಿನ ನಡುವೆ ಗಾಳದ ರಬ್ಬರ್ ಕಪ್ಪೆ (ಕೃತಕ ಎರೆ) ಬಿದ್ದ ಕ್ಷಣವೇ ಮೀನು ಎರಗಬಹುದು. ಬಲಬದಿಯ ಹಿಡಿಕೆಯಾದರೆ ಬಲಗೈಯಿಂದ ಎಸೆದು, ಕೋಲನ್ನು ಎಡಗೈಗೆ ದಾಟಿಸಿ, ಆಮೇಲೆ ಸುತ್ತಬೇಕು. ಅಷ್ಟರಲ್ಲಿ ದಾರ ಸಡಿಲವಾಗಿಬಿಡುತ್ತದೆ. ಈಗ ಕೋಲು ಬಲಗೈಯಲ್ಲೇ ಉಳಿಯುತ್ತದೆ. ಎಸೆಯುವಾಗ ಸ್ಪೂಲನ್ನು (ದಾರ ಸುತ್ತಿಕೊಂಡಿರುವ ಉರುಳೆ) ತಡೆಯುವ ಹೆಬ್ಬೆರಳು ಕೂಡ ಅದೇ ಕೈಯದು, ಕಪ್ಪೆ ನೀರು ಮುಟ್ಟಿದೊಡನೆ ಎಡಗೈ ಸುತ್ತಲು ಸಿದ್ಧ. ಎಡಗೈಗೆ ಮೊದಮೊದಲು ಲಯ ಸಿಗಲಿಲ್ಲ, ಅಭ್ಯಾಸದಿಂದ ಸರಿಹೋಯಿತು.

ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್‌ಗಳನ್ನು (ಮೀನಿನಾಕಾರದ ಗಟ್ಟಿ ಕೃತಕ ಎರೆ) ದಿನವಿಡೀ ಎಳೆಯುವವರ ಮಾತು ಬೇರೆ. ಅಲ್ಲಿ ನೀರಿನ ತಡೆ ಹೆಚ್ಚು, ಬಲವಾದ ಕೈಯಿಂದ ಸುತ್ತುವುದೇ ಹಿತ ಎಂಬ ಅವರ ವಾದ ನನಗೂ ಒಪ್ಪಿಗೆ.

ಕೊಳ್ಳುವವರು ಇದೊಂದನ್ನು ದಯವಿಟ್ಟು ಗಮನಿಸಿ: ಬಹುತೇಕ ಸ್ಪಿನ್ನಿಂಗ್ ರೀಲುಗಳ (ಕೋಲಿನ ಕೆಳಗೆ ತೂಗುವ ಬಗೆಯವು) ಹಿಡಿಕೆಯನ್ನು ಬಿಚ್ಚಿ ಇನ್ನೊಂದು ಬದಿಗೆ ಹಾಕಬಹುದು, ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಅದು ಆಗದು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಿ. ಶಿಮಾನೊ ಕಂಪನಿಯ ರೀಲುಗಳಲ್ಲಿ ಸಾಮಾನ್ಯವಾಗಿ 150, 200 ಎಂದಿದ್ದರೆ ಬಲಬದಿ. 151, 201 ಎಂದಿದ್ದರೆ ಎಡಬದಿ. ‘ಎಡಗೈ ರೀಲ್’ ಎಂದರೆ ಎಡಚರ ರೀಲ್ ಎಂದು ಕೆಲವು ಅಂಗಡಿಯವರು ಹೇಳುತ್ತಾರೆ. ಅದು ತಪ್ಪು, ಆ ಹೆಸರು ಹಿಡಿಕೆ ಇರುವ ಬದಿಯನ್ನಷ್ಟೇ ಸೂಚಿಸುತ್ತದೆ.