ಸಹಾಯ ಬೇಕು: ಸುಝೌ ಪಿಂಗ್‌ಟಾನ್‌ನ ಪೂರ್ತಿ ಕಥೆ ಕೇಳೋದು ಹೇಗೆ?

ಶಾಂಘೈ, ಸುಝೌ ಕಡೆ ಇರುವ ಕನ್ನಡಿಗರು ದಯವಿಟ್ಟು ಹೇಳಿ. ಕೆಲಸದ ಮೇಲೆ ಸುಝೌನಲ್ಲಿದ್ದೇನೆ, ಇಲ್ಲಿನ ಪಿಂಗ್‌ಟಾನ್ ಕಥೆಗಾರಿಕೆ ಅಂದ್ರೆ ಪ್ರಾಣ. ಒಬ್ಬರ ಕೈಯಲ್ಲಿ ಮೂರು ತಂತಿಯ ಸಾನ್‌ಶಿಯೆನ್, ಇನ್ನೊಬ್ಬರ ಕೈಯಲ್ಲಿ ಪೀಪಾ ಅನ್ನೋ ತಂತಿವಾದ್ಯ. ಹೆಚ್ಚಾಗಿ ಕುರ್ಚಿಯಲ್ಲೇ ಕೂತಿರುತ್ತಾರೆ, ಆದರೂ ದನಿ, ಕಣ್ಣು ಬದಲಿಸಿ ಅತ್ತೆ, ಸೊಸೆ, ಅಧಿಕಾರಿ ಎಲ್ಲರೂ ಆಗಿಬಿಡುತ್ತಾರೆ!

ಪಿಂಗ್‌ಜಿಯಾಂಗ್ ರಸ್ತೆಯ ಚಹಾ ಅಂಗಡಿಗಳಲ್ಲಿ ಸಿಗುವುದು ಪ್ರವಾಸಿಗರಿಗೆ ಅಂತ ಹಾಡುವ ಬಿಡಿ ಹಾಡುಗಳು. ನನಗೆ ಬೇಕಿರುವುದು ಷೂಚಾಂಗ್‌ನಲ್ಲಿ, ಅಂದ್ರೆ ಕಥೆ ಹೇಳುವ ಸಭಾಂಗಣದಲ್ಲಿ, ಮಧ್ಯಾಹ್ನ ನಡೆಯುವ, ದಿನದಿಂದ ದಿನಕ್ಕೆ ಮುಂದುವರಿಯುವ ಉದ್ದ ಕಥೆ. ಅಲ್ಲಿಗೂ ಹೋದೆ. ಹಾಡಿನ ಸಾಲುಗಳು ಪರದೆ ಮೇಲೆ ಬಂದವು, ಆದರೆ ಮಾತೆಲ್ಲ ಸುಝೌ ಆಡುಭಾಷೆ. ನನ್ನ ಮ್ಯಾಂಡರಿನ್ ಸಾಲಲಿಲ್ಲ. ಮೊದಲೇ ಕಥೆ ಓದಿಕೊಂಡು ಹೋದೆ, ಫೋನಿನ ಅನುವಾದ ಆ್ಯಪ್ ಹಾಕಿ ನೋಡಿದೆ, ಆದರೂ ಮಾತು ಅರ್ಥವಾಗಲಿಲ್ಲ. ಪಕ್ಕದ ಅಜ್ಜ ಅಜ್ಜಿಯರು ನಗುವಾಗ ಸುಮ್ನೆ ಕೂತಿರುವುದೇ ಜಾಸ್ತಿ ಬೇಜಾರು.

ಈಗ ಗೊಂದಲ ಇಷ್ಟು. ಪಿಂಗ್‌ಟಾನ್‌ನಲ್ಲಿ ಎರಡು ಬಗೆ: ಹಾಡು, ಮಾತು ಎರಡೂ ಇರುವ ಟಾನ್‌ತ್ಸಿ, ಬರೀ ಮಾತಿನ ಪಿಂಗ್‌ಹುವಾ. ಟಾನ್‌ತ್ಸಿಯಲ್ಲಿ ಹಾಡಿನ ಆಸರೆ ಇದೆ, ಆದರೆ ಮನೆಮಾತಿನ ಹಾಸ್ಯ ತುಂಬಿರುತ್ತದೆ. ಪಿಂಗ್‌ಹುವಾದಲ್ಲಿ ಹಾಡಿಲ್ಲ, ಬೀಸಣಿಗೆ ಮತ್ತು ಮೇಜಿಗೆ ಬಡಿಯುವ ಮರದ ತುಂಡು ಅಷ್ಟೇ. ಆದರೆ ಪ್ರಾಚೀನ ಚೀನಾದ ಮೂರು ರಾಜ್ಯಗಳ ಯುದ್ಧದಂಥ ಕಥೆಗಳು ನನಗೆ ಮೊದಲೇ ಗೊತ್ತು.

ಮ್ಯಾಂಡರಿನ್ ಮಾತ್ರ ಬರುವವರು ಇವೆರಡರಲ್ಲಿ ಯಾವುದರಿಂದ ಶುರು ಮಾಡಬೇಕು? ಯಾರಾದರೂ ಒಂದು ಉದ್ದ ಕಥೆ ಕೊನೆತನಕ ಕೇಳಿದ್ದರೆ, ಮಾತಿನ ಭಾಗ ಹೇಗೆ ಅರ್ಥ ಮಾಡಿಕೊಂಡಿರಿ?