‘ದೋನ್’ ಎಂಬ ಸಣ್ಣ ಶಬ್ದಕ್ಕೆ ಇಷ್ಟೇಕೆ ಜಗಳ?

ಗಾಳಿಗಿರಣಿ: ಸ್ಪೇನಿನ ಲೇಖಕ ಸೆರ್ವಾಂಟೆಸ್‌ನ ಕಾದಂಬರಿ ‘ದೋನ್ ಕಿಹೋತೆ’ಯ (ಡಾನ್ ಕ್ವಿಕ್ಸೋಟ್) ಎರಡನೆಯ ಭಾಗ (1615) ಓದುತ್ತಿದ್ದೇನೆ. ತಾನೊಬ್ಬ ವೀರಯೋಧನೆಂದು ಹೊರಟ ನಮ್ಮ ನಾಯಕ ಹೆಸರಿಗೆ ‘ದೋನ್’ ಅಂಟಿಸಿಕೊಂಡನೆಂದು ಊರಿನ ಹಿದಾಲ್ಗೋಗಳು ಉರಿದುಬೀಳುತ್ತಾರೆ. ಅದು ಬರಿಯ ಮರ್ಯಾದೆಯ ಮಾತಲ್ಲವೇ?

ಹಳೆಯ ಪುಟ: ಆಗಿನ ಸ್ಪೇನಿನಲ್ಲಿ ಅಲ್ಲ. ಹಿದಾಲ್ಗೋ ಎಂದರೆ ಕುಲೀನರಲ್ಲಿ ಕೆಳಗಿನ ಮೆಟ್ಟಿಲು. ದೋನ್ ಅದಕ್ಕೂ ಮೇಲಿನವರ ಸ್ವತ್ತು. ನಾಲ್ಕು ದ್ರಾಕ್ಷಿ ಬಳ್ಳಿ, ಚೂರು ಹೊಲ, ಹಿಂದೊಂದು ಮುಂದೊಂದು ಚಿಂದಿ ಇಟ್ಟುಕೊಂಡವನಿಗೆ ದೋನ್ ಬೇರೆ ಕೇಡು ಎಂಬುದು ಅವರ ಸಂಕಟ. ಈ ಚಾಡಿಯನ್ನು ಧಣಿಯ ಮುಂದೆ ಒಂದಕ್ಷರ ಬಿಡದೆ ಒಪ್ಪಿಸುವವನು ನಾಯಕನ ಆಳು ಸಾಂಚೊ. ಎಂಥ ಸೇವಕ!

ನನಗೆ ಇದಕ್ಕಿಂತ ರುಚಿಸುವುದು ಮೊದಲ ಭಾಗದ (1605) ಮೂರನೆಯ ಅಧ್ಯಾಯ. ದಾರಿಬದಿಯ ಛತ್ರದವನು ನಮ್ಮ ನಾಯಕನಿಗೆ ವೀರದೀಕ್ಷೆಯ ನಾಟಕ ಆಡಿಸುತ್ತಾನೆ. ನೆರವಿಗೆ ಇಬ್ಬರು ವೇಶ್ಯೆಯರು, ಒಬ್ಬಳು ತೊಲೆದೊ ಊರಿನ ಚಮ್ಮಾರನ ಮಗಳು, ಇನ್ನೊಬ್ಬಳು ಹಿಟ್ಟಿನ ಗಿರಣಿಯವನ ಮಗಳು. ಇನ್ನು ಮುಂದೆ ನೀವು ದೋನ್ಯಾ ತೊಲೋಸಾ, ದೋನ್ಯಾ ಮೊಲಿನೇರಾ (ದೋನ್ಯಾ ಎಂದರೆ ಹೆಂಗಸರ ದೋನ್) ಎನ್ನುತ್ತಾನೆ ಇವನು, ಅಷ್ಟೇ ಗಂಭೀರವಾಗಿ. ತನಗೇ ಹಕ್ಕಿಲ್ಲದ ಬಿರುದನ್ನು ಕೈತುಂಬ ದಾನ ಮಾಡುವ ಈ ಧಾರಾಳ ಆ ಹಿದಾಲ್ಗೋಗಳಿಗೆ ಏಳು ಜನ್ಮಕ್ಕೂ ಬಾರದು.

ಮಸಿಕುಡಿಕೆ: ದೋನ್ ಬೈಗುಳವೂ ಆಗುವುದನ್ನು ಮರೆತಿರಿ. ನಾಯಕ ತಾನೇ ಬಿಡಿಸಿದ ಕೈದಿ ಹಿನೇಸ್ ಮಾತು ಕೇಳದಿದ್ದಾಗ ಅವನ ಹೆಸರನ್ನು ಕೆಡಿಸಿ, ಮುಂದೆ ದೋನ್ ಸೇರಿಸಿಯೇ ಉಗಿಯುತ್ತಾನೆ. ಕೊನೆಗೆ ಡಚೆಸ್‌ಳ ಸಖಿ ಅಲ್ತಿಸಿದೋರಾ ಅದೇ ಬಾಣವನ್ನು ಇವನಿಗೇ ತಿರುಗಿಸುತ್ತಾಳೆ: ದೋನ್ ಒಣಮೀನು, ದೋನ್ ಸೋತವನು, ದೋನ್ ಒದೆ ತಿಂದವನು!

ಗಾಳಿಗಿರಣಿ: ಸಾಂಚೊ ಗವರ್ನರ್ ಆದಾಗ ಅವನಿಗೂ ದೋನ್ ಸಿಕ್ಕಿತೇ?

ಹಳೆಯ ಪುಟ: ಅವನು ಆಳಿದ ‘ದ್ವೀಪ’ ಬರಾತಾರಿಯಾದವರು ಕೊಟ್ಟರು, ಅವನು ಬೇಡವೆಂದ. ಅಪ್ಪ ಸಾಂಚೊ, ಅಜ್ಜ ಸಾಂಚೊ, ನಾನೂ ಬರೀ ಸಾಂಚೊ. ಇಲ್ಲಿ ಕಲ್ಲುಗಳಿಗಿಂತ ದೋನ್‌ಗಳೇ ಹೆಚ್ಚಿರಬೇಕು, ಸೊಳ್ಳೆಯಂತೆ ಕಾಡುವ ಇವರನ್ನು ಕಳೆ ಕೀಳುವ ಹಾಗೆ ಕೀಳುತ್ತೇನೆ ಎಂದ. ಹೆಂಡತಿ ತೆರೇಸಾ ಅದಕ್ಕೂ ಮೊದಲೇ ತನಗೆ ದೋನ್ಯಾ ಬೇಡವೆಂದು ಖಡಾಖಂಡಿತ ಹೇಳಿದ್ದಳು. ಧಣಿಯೂ ಸಾಯುವ ಮುನ್ನ ಅದನ್ನು ಕಳಚಿಟ್ಟು, ತನ್ನ ನಿಜ ಹೆಸರು ಹೇಳಿ, ನಾನು ಅಲೊನ್ಸೊ ಕಿಹಾನೊ ಅಷ್ಟೇ ಎನ್ನುತ್ತಾನೆ.

ಮಸಿಕುಡಿಕೆ: ಅವನು ಕಳಚಿದ, ಸರಿ. ಆದರೆ ಅದೇ ಅಧ್ಯಾಯದಲ್ಲಿ ಅವನ ಕೊನೆಯ ಗಳಿಗೆ ಬಂತೆಂದು ಹೇಳುವಾಗಲೂ ನಿರೂಪಕ ಬಳಸುವ ಹೆಸರು ದೋನ್ ಕಿಹೋತೆ ಎಂದೇ. ಅದನ್ನು ಮರೆವು ಎನ್ನಲು ನಾನಂತೂ ಒಪ್ಪುವುದಿಲ್ಲ.