ಟೀ ಅಗ್ಗವಾದರೂ ಬೋಸ್ಟನ್ ಜನ ಅದನ್ನು ನೀರಿಗೆ ಸುರಿದದ್ದು ಯಾಕೆ?

ಚಹಾಪ್ರಿಯ:
ಮಗಳಿಗೆ ಸಮಾಜ ಪಾಠ ಹೇಳಿಕೊಡಲು ಹೋಗಿ ನಾನೇ ಸಿಕ್ಕಿಬಿದ್ದೆ. 1773ರ ಟೀ ಕಾಯ್ದೆಯಿಂದ ಅಮೆರಿಕದಲ್ಲಿ ಟೀ ಅಗ್ಗವಾಯಿತಂತೆ. ಮತ್ತೆ ಅದೇ ಡಿಸೆಂಬರಿನಲ್ಲಿ 342 ಪೆಟ್ಟಿಗೆ ಟೀ ಬಂದರಿನ ನೀರಿಗೆ ಸುರಿದದ್ದು ಯಾಕೆ? ಬೆಲೆ ಇಳಿದರೆ ಯಾರಾದರೂ ಸಿಟ್ಟಾಗ್ತಾರಾ? ಅಲ್ಲಿಂದ ಮೂರೇ ವರ್ಷಕ್ಕೆ ಸ್ವಾತಂತ್ರ್ಯ ಘೋಷಣೆ ಬೇರೆ. ಅಷ್ಟು ಬೇಗ ಹೇಗೆ?

ಹಳೇಕಡತ:
ಅಗ್ಗವಾಗಿದ್ದೇ ತೊಂದರೆ! ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿತ್ತು, ಲಂಡನ್ನಿನ ಗೋದಾಮುಗಳಲ್ಲಿ ಚೀನಾದ ಟೀ ಮಾರಾಟವಾಗದೆ ಬಿದ್ದಿತ್ತು. ಅದನ್ನು ಕಂಪನಿಯೇ ತನ್ನ ಏಜೆಂಟರ ಮೂಲಕ ಅಮೆರಿಕದಲ್ಲಿ ಮಾರಲಿ ಅಂತ ಬ್ರಿಟಿಷ್ ಪಾರ್ಲಿಮೆಂಟ್ ಅನುಕೂಲ ಮಾಡಿಕೊಟ್ಟಿತು. ಅಲ್ಲಿನ ವ್ಯಾಪಾರಿಗಳಿಗೂ ಡಚ್ಚರ ಟೀ ಕಳ್ಳಸಾಗಣೆ ಮಾಡುತ್ತಿದ್ದವರಿಗೂ ಹೊಟ್ಟೆ ಮೇಲೆ ಹೊಡೆತ. ಒಂದು ಪೌಂಡ್ (ಸುಮಾರು ಅರ್ಧ ಕಿಲೋ) ಟೀಗೆ 3 ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಅಗ್ಗ ಅಂತ ಕುಡಿದರೆ ಸುಂಕ ಒಪ್ಪಿಕೊಂಡ ಹಾಗೆ, ನಾಳೆ ಇನ್ನೊಂದು ಹಾಕ್ತಾರೆ ಅನ್ನೋದು ಅವರ ಭಯ, ಯಾಕೆಂದರೆ ಆ ಪಾರ್ಲಿಮೆಂಟಿಗೆ ಅವರು ಆರಿಸಿ ಕಳಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಈ ಜಗಳ 1765ರ ಸ್ಟಾಂಪ್ ತೆರಿಗೆಯಿಂದಲೇ (ಪತ್ರಿಕೆ, ಕಾಗದಪತ್ರಗಳ ಮೇಲೆ ಹಾಕಿದ್ದು) ಇತ್ತು, ಹಾಗಾಗಿ 'ಬೇಗ' ಅನ್ನಲಾಗದು.

ಮೂಲೆಮನೆ:
ನನ್ನ ಪ್ರಕಾರ ಟೀಗಿಂತ ಅದಕ್ಕೆ ಕೊಟ್ಟ ಶಿಕ್ಷೆಯೇ ಮುಖ್ಯ. ಸುರಿದವರು ಕೆಲವರು, ಆದರೆ 1774ರಲ್ಲಿ ಬೋಸ್ಟನ್ ಬಂದರನ್ನೇ ಮುಚ್ಚಿ ಇಡೀ ಊರಿನ ಅನ್ನ ಕಿತ್ತರು, ಊರಿನ ಸಭೆಗಳಿಗೂ ಕಡಿವಾಣ ಹಾಕಿದರು. ಅಮೆರಿಕದಲ್ಲಿದ್ದ ಬ್ರಿಟನ್ನಿನ ಬೇರೆ ವಸಾಹತುಗಳಿಗೂ ಆಗ ಬಿಸಿ ತಟ್ಟಿತು. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು. ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ 12 ವಸಾಹತುಗಳವರು ಸೇರಿದರು. ಆಗಲೂ ಯಾರೂ 'ಬೇರೆ ಆಗ್ತೀವಿ' ಅನ್ನಲಿಲ್ಲ! 1775ರ ಏಪ್ರಿಲ್‌ನಲ್ಲಿ ಬೋಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಜೊತೆ ಕಾದಾಡಿ ರಕ್ತ ಹರಿದ ಮೇಲೂ ಜುಲೈನಲ್ಲಿ ರಾಜನಿಗೆ ಮನವಿ ಬರೆದರು, ದೊರೆ ನೀನಾದರೂ ಕೇಳು ಅಂತ. ಮೂರನೇ ಜಾರ್ಜ್ ಅದನ್ನು ತೆಗೆದುಕೊಳ್ಳಲೂ ಇಲ್ಲ, ದಂಗೆಕೋರರು ಅಂತ ಸಾರಿಬಿಟ್ಟ. 1776ರ ಜನವರಿಯಲ್ಲಿ ಥಾಮಸ್ ಪೇನ್ ಅನ್ನೋ ಲೇಖಕ ರಾಜನೇ ಯಾಕೆ ಬೇಕು ಅಂತ ಬರೆದಾಗ ಜನ ಕಿವಿಗೊಟ್ಟದ್ದು ಅದಕ್ಕೇ. (ಸ್ವಾತಂತ್ರ್ಯ ಅಂದವರಲ್ಲಿ ಎಷ್ಟೋ ಜನರ ಮನೆಯಲ್ಲೇ ಗುಲಾಮರಿದ್ದರು, ಅದು ಬೇರೆ ಚರ್ಚೆ.)

ಕೋಟೆಬಾಗಿಲು:
ನಮ್ಮ ಕಡೆಯ ಎಳೆಯೂ ಒಂದಿದೆ. 1769ರಲ್ಲಿ ಹೈದರ್ ಅಲಿ ಮದ್ರಾಸಿನ ಬಾಗಿಲಿಗೇ ಬಂದು ಕಂಪನಿಯಿಂದ ಒಪ್ಪಂದ ಮಾಡಿಸಿಕೊಂಡ. ಅವನ ದಾಳಿಯ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. ಬೋಸ್ಟನ್ ಗಲಾಟೆಗೆ ಅವನೇ ಕಾರಣ ಅಂತಲ್ಲ ಮಾರಾಯ್ರೆ, ಕಂಪನಿಯನ್ನು ಮುಳುಗಿಸಿದ್ದರಲ್ಲಿ ಬಂಗಾಳದ ಬರ, 1772ರ ಸಾಲದ ಬಿಕ್ಕಟ್ಟು ಇದಕ್ಕಿಂತ ದೊಡ್ಡವು. ಆದರೆ ಅಮೆರಿಕದವರಿಗೆ ಅವನ ಹೆಸರು ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧದ ಹಡಗಿಗೆ ಅದೇ ಹೆಸರಿಟ್ಟಿದ್ದರು.

ಚಹಾಪ್ರಿಯ:
ಇದು ಗೊತ್ತೇ ಇರಲಿಲ್ಲ! ಆ ಹಡಗು ಗೆದ್ದಿತಾ?

ಕೋಟೆಬಾಗಿಲು:
ಗೆದ್ದಿತು. ಡೆಲವೇರ್ ಕೊಲ್ಲಿಯಲ್ಲಿ, ತನಗಿಂತ ದೊಡ್ಡ ಫಿರಂಗಿಗಳಿದ್ದ 'ಜನರಲ್ ಮಾಂಕ್' ಅನ್ನೋ ಬ್ರಿಟಿಷ್ ಹಡಗನ್ನೇ ಹಿಡಿಯಿತು.